ಗುರುಬಸಪ್ಪನವರ ರಾಗಿಮೂಟೆ

ಮಕ್ಕಳ ಆರೋಗ್ಯದ ಸರ್ವೆ ಮಾಡುವ ಗುರುಬಸಪ್ಪನವರ ಸೈಕಲ್ಲು ಲಗ್ಗೆರೆಗೆ ಬಂತೆಂದರೆ, ಎಲ್ಲಿ ತಮ್ಮನ್ನೂ ಪಟ್ಟಿಗೆ ಸೇರಿಸುತ್ತಾರೋ ಎಂದು ಕೋಳಿಗಳೂ ಬಚ್ಚಿಟ್ಟುಕೊಳ್ಳುತ್ತವೆ. ಕೋಟಿನ ಎಡಜೇಬಿನಲ್ಲಿ ಮೂರು ಪೆನ್ಸಿಲ್ಲು, ಬಲಜೇಬಿನಲ್ಲಿ ಟೇಪು. ಎದುರು ಸಿಕ್ಕ ಮಗುವಿನ ತೋಳು ಅಳೆಯದೆ ಅದರ ತಾಯಿಗೆ ನಮಸ್ಕಾರವನ್ನೂ ಹೇಳರು. "ಹಾಲಿನಪುಡಿ ಒಂದ್ ಕಡೆ, ಸಿಡುಬು ಬರ್ದಂಗೆ ದೇವಿ ಹಾಕ್ಸೋದು ಇನ್ನೊಂದ್ ಕಡೆ, ಡಾಕ್ಟ್ರು ಮತ್ತೊಂದ್ ಕಡೆ. ಎಲ್ಲಾ ಒಂದೇ ಸೂರಿನಡಿ, ಒಂದೇ ದಿನ ಸಿಕ್ಕಿದ್ರೆ ಹೇಗಿರುತ್ತೆ ಹೇಳಿ" ಎಂದು ಅವರು ರಾಜಾಜಿನಗರದ ಹೊಸ ಮನೆಗಳಿಗೆ ಗಾರೆ ಮೆತ್ತುವವರನ್ನೂ ಕೇಳಿದ್ದಾರೆ, ಬಸ್ ಕಂಡಕ್ಟರನ್ನೂ ಕೇಳಿದ್ದಾರೆ. ಬರೀ ಮಾತು ಸಾಲದು, ಪರೀಕ್ಷೆಯಾಗಬೇಕು. ಅದಕ್ಕೇ ಒಂದು ದಿನ ಎಂಟು ಸೇರು ರಾಗಿಯ ಮೂಟೆಯನ್ನು ತಾಯಂದಿರಂತೆ ಸೊಂಟದ ಮೇಲೆ ಕೂರಿಸಿಕೊಂಡು, ಹೆಜ್ಜೆಹೆಜ್ಜೆಗೂ ಗಡಿಯಾರ ನೋಡುತ್ತ, ಆ ಮೂರೂ ಕಡೆಗೆ ಬಿಸಿಲಿನಲ್ಲಿ ನಡೆದೇ ಹೋಗಿ ಬಂದರು. ಕೂಲಿ ಹೆಂಗಸರು ಬಾಂಡ್ಲಿ ಕೆಳಗಿಟ್ಟು ನಕ್ಕರು. ಸಂಜೆ ಲಗ್ಗೆರೆಗೆ ಮರಳಿದವರೇ ಬೆವರು ಒರೆಸಿಕೊಳ್ಳುತ್ತ, "ಹೋಗಿ ಬರೋಕೆ ಐದೂಕಾಲು ಗಂಟೆ ಹಿಡೀತು ಕಣಮ್ಮ, ಬರ್ಕೊಂಬಿಟ್ಟೆ" ಎಂದು ಹಿಗ್ಗಿಹೋದರು. ಕೈಗೂಸನ್ನು ಎತ್ತಿಕೊಂಡು ನಿಂತಿದ್ದ ಹನುಮಕ್ಕ ಮೂಟೆಯನ್ನು ಮುಟ್ಟಿ ನೋಡಿ, "ನಿಮ್ ರಾಗಿ ದಾರೀಲಿ ಅಳ್ಲಿಲ್ವಲ್ಲ ಸಾರ್" ಎಂದಳು. ಗುರುಬಸಪ್ಪನವರು ಮೂಟೆ ಕೆಳಗಿಳಿಸಿ ಎಡಜೇಬಿನಿಂದ ಪೆನ್ಸಿಲ್ಲು ತೆಗೆದರು. ಅಂದಿನಿಂದ ಅವರ ಪಟ್ಟಿಯಲ್ಲಿ ಹೊಸದೊಂದು ಕಾಲಂ ಇದೆ: ದಾರಿಯಲ್ಲಿ ಮಗು ಎಷ್ಟು ಸಲ ಅತ್ತಿತು? ಮೇಲಿನವರು ಪ್ರತಿ ತಿಂಗಳೂ ಅದನ್ನು ಹೊಡೆದುಹಾಕುತ್ತಾರೆ. ಇವರು ಪ್ರತಿ ತಿಂಗಳೂ ಸ್ಕೇಲಿಟ್ಟು ಮತ್ತೆ ಗೆರೆ ಎಳೆಯುತ್ತಾರೆ.