ವಿಡಿಯೊ ಕಾಲಿನಲ್ಲಿ ಬಂದ ಸೀದ ವಾಸನೆ

ಕೆಲವು ವಿವರಗಳು ತಪ್ಪಿರಬಹುದು. ಅಂದು ಯಾವ ವಾರ, ನಾನು ಎಲ್ಲಿ ಕುಳಿತಿದ್ದೆ ಎಂಬುದನ್ನು ಆಮೇಲೆ ನಾನೇ ತುಂಬಿಕೊಂಡಿರಲಿಕ್ಕೂ ಸಾಕು. ದಿನಚರಿಯಲ್ಲಿರುವುದು ಇಷ್ಟೇ: ‘ಕಡ್ಲೆಬೀಜ ಸೀದಿತು. ಮೊದಲು ಹೇಳಿದ್ದು ತಮ್ಮ.’ ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ.

ತಮ್ಮ ಮಂಜ ಒಂದು ಹೊಡೆದಾಟದ ಕೇಸಿನಲ್ಲಿ ಮಧುಗಿರಿಯಲ್ಲಿ ಜೈಲಿನಲ್ಲಿದ್ದ. ಗೌಡಗೆರೆಯ ನಮ್ಮ ಮನೆಯಿಂದ ಅಮ್ಮ ಹೋಗಿಬರಬಹುದಿತ್ತು. ಆದರೆ ಅವಳಿಗೆ ಮುಖ ತೋರಿಸಲು ಅವನಿಗೆ ನಾಚಿಕೆ. ವಾರಕ್ಕೊಮ್ಮೆಯ ವಿಡಿಯೊ ಕಾಲಿಗೆ ಮಾತ್ರ ಒಪ್ಪಿದ. ಅದಕ್ಕೂ ಕಾರಣವಿತ್ತು. ಎಷ್ಟು ಹೇಳಿಕೊಟ್ಟರೂ ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಳು. ಅವನಿಗೆ ಕಾಣುತ್ತಿದ್ದುದು ಅವಳ ಓಲೆ ಮತ್ತು ನರೆಗೂದಲು. ಅವಳಿಗೆ ಅವನು ಕಾಣುತ್ತಲೇ ಇರಲಿಲ್ಲ. “ಒಂದ್ಸಲ ಬತ್ತೀನಿ ಕಣ್ಲಾ” ಎಂದು ಪ್ರತಿ ವಾರ ಕೇಳುವಳು. “ಬ್ಯಾಡ” ಎನ್ನುವನು.

ಆ ಮಧ್ಯಾಹ್ನವೂ ಅಮ್ಮ ಜಗಲಿಯಲ್ಲಿ ಹಾಗೆಯೇ ಕುಳಿತಿದ್ದಳು. ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳುತ್ತಿತ್ತು. ಏನೋ ಹೇಳುತ್ತಿದ್ದವನು ನಡುವೆ ನಿಲ್ಲಿಸಿ, “ಅಮ್ಮೋ, ಕಡ್ಲೆಬೀಜ ಸೀದೋಗ್ತೈತೆ, ಎದ್ದೋಗು” ಎಂದ.

“ನಿಂಗೆಂಗ್ಲಾ ಗೊತ್ತು?”

“ವಾಸ್ನೆ ಬತ್ತೈತೆ ಕಣಮ್ಮ.”

ನಾನು ನಕ್ಕೆ. ನಮ್ಮಿಬ್ಬರಿಗೂ ಯಾವ ವಾಸನೆಯೂ ಬಂದಿರಲಿಲ್ಲ. ಹಿಂದಿನ ಅಡುಗೆಮನೆಯ ಬಾಗಿಲು ತೆಗೆದರೆ ಹೊಗೆ. ಚಟ್ನಿಪುಡಿಗೆಂದು ಒಲೆಯ ಮೇಲಿಟ್ಟು ಅಮ್ಮ ಮರೆತಿದ್ದ ಬೀಜ ಬಾಣಲೆಯಲ್ಲಿ ಕರಿಕಾಗಿತ್ತು.

ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ, ಖುಷಿಯಾಯಿತು. “ಅಲ್ ಕುಂತ್ಕಂಡು ನನ್ ಒಲೆ ಕಾಯ್ತೀಯೇನ್ಲಾ?” ಎಂದಳು.

ಆ ಕಡೆ ಅವನು ನಕ್ಕ. ಆಮೇಲೆ, “ಬಂದ್ಬುಡಮ್ಮ. ನಿನ್ ಕಿವಿ ನೋಡಿ ನೋಡಿ ಸಾಕಾಗೈತೆ” ಎಂದ.

ಬೀಜ ಹುರಿಯಲಿಟ್ಟಿದ್ದನ್ನು ಅಮ್ಮ ಮೊದಲೇ ಹೇಳಿದ್ದಳೇ? ಇಲ್ಲವೆನ್ನುತ್ತಾಳೆ. ಚಟಪಟ ಸದ್ದು ಎರಡು ಬಾಗಿಲು ದಾಟಿ ಫೋನಿಗೆ ಕೇಳಿಸಿತೇ? ಪಕ್ಕದಲ್ಲಿದ್ದ ನನಗೇ ಕೇಳಿಸಿರಲಿಲ್ಲ.

ಮುಂದಿನ ವಾರ ಹೋದೆವು. ಬಸ್ಸಿನಿಂದ ಮಧುಗಿರಿಯ ಬೆಟ್ಟ ಕಂಡ ಕೂಡಲೇ ಅಮ್ಮ ಸೆರಗು ಸರಿಮಾಡಿಕೊಂಡಳು. ಜಾಲರಿಯ ಆಚೆ ಅವನು ಬಂದು ನಿಂತ. “ಸಣ್ಣಾಗಿದೀಯ” ಎಂದಳು. “ನೀನೂವೆ” ಎಂದ. ಉಳಿದ ಹೊತ್ತೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುತ್ತಲೇ ನಿಂತಿದ್ದರು.

ಹೊರಡುವ ಮುಂಚೆ ನಾನು ಕೇಳಿದೆ. ಅವನಿಗೆ ಕೇಳಿಸಿತೋ ಇಲ್ಲವೋ, ಕಣ್ಣು ಅಮ್ಮನ ಮೇಲೇ ಇತ್ತು. ಈಗ ಬಿಡುಗಡೆಯಾಗಿ ಮನೆಯಲ್ಲಿದ್ದಾನೆ. ಅಮ್ಮ ಬೀಜ ಹುರಿದಾಗಲೆಲ್ಲ ಕೇಳುತ್ತೇನೆ. ಬಾಣಲೆಯಿಂದ ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಹೊರಗೆ ಹೋಗುತ್ತಾನೆ.

“ಲೋ ಮಂಜ, ಅವತ್ತು ನಿಂಗೆ ಆ ವಾಸ್ನೆ ಎಲ್ಲಿಂದ ಬಂತೋ?”