ಪಕ್ಕದಲ್ಲಿ ಹಾರಿದ್ದು

ಇಂಥ ವಿಷಯಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಏನೋ ಕಂಡೆ ಎಂದರೆ, ಪಾಪ, ನಿದ್ದೆಗೆಟ್ಟಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಸಣ್ಣ ವಿಮಾನಗಳಿಗೆ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕೂರಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ದೇವನಹಳ್ಳಿ ಕಡೆ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯಲ್ಲಿ, ಎರಡು ಸೀಟಿನ ವಿಮಾನಕ್ಕೆ ಡಿಕ್ಕಿ ತಪ್ಪಿಸುವ ಯಂತ್ರ ಹಾಕಿದೆ. ಹತ್ತಿರದಲ್ಲಿ ಬೇರೆ ವಿಮಾನವಿದ್ದರೆ ಅದರ ಸಿಗ್ನಲ್ ಹಿಡಿದು ಪರದೆಯ ಮೇಲೆ ಚುಕ್ಕಿ ತೋರಿಸುತ್ತದೆ, ಹೆಡ್‌ಫೋನಿನಲ್ಲಿ ಕೂಗಿ ಎಚ್ಚರಿಸುತ್ತದೆ.

ಈ ಕೆಲಸವನ್ನು ನೆಲದ ಮೇಲೇ ಮಾಡಬೇಕು ಎಂಬುದು ಅಮ್ಮನ ಷರತ್ತು. ಅಪ್ಪ ಹೊಸಕೋಟೆ ಹೆದ್ದಾರಿಯಲ್ಲಿ ಲಾರಿ ಡಿಕ್ಕಿಯಾಗಿ ತೀರಿಕೊಂಡ ಮೇಲೆ, ನಾನು ಬಸ್ಸು ಹತ್ತಿದರೂ ತಲುಪಿದೆ ಎಂದು ಅವಳಿಗೆ ಫೋನ್ ಮಾಡಬೇಕಿತ್ತು.

ಯಂತ್ರ ಹಾಕಿದ ಮರುದಿನ ಬೆಳಿಗ್ಗೆ ಅದರ ಪರೀಕ್ಷೆಗೆ ವಿಮಾನ ತೆಗೆದ ಹಿರಿಯ ಕ್ಯಾಪ್ಟನ್, "ಬಾಮ್ಮ, ನಿನ್ನ ಯಂತ್ರ ನೀನೇ ನೋಡು" ಎಂದರು. ಹತ್ತಿಬಿಟ್ಟೆ. ಅಮ್ಮನಿಗೆ ಹೇಳಲು ಪುರಸೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಕೆಳಗೆ ಹೊಸಕೋಟೆ ಹೆದ್ದಾರಿ ದಾಟುತ್ತಿದ್ದಂತೆ ಯಂತ್ರ ಕೂಗಿತು. ಪರದೆಯಲ್ಲಿ ಚುಕ್ಕಿ: ನಮ್ಮ ಎಡಕ್ಕೆ, ಸ್ವಲ್ಪ ಹಿಂದೆ, ನಮ್ಮದೇ ಎತ್ತರದಲ್ಲಿ. ಇಬ್ಬರೂ ಕತ್ತು ತಿರುಗಿಸಿ ನೋಡಿದೆವು. ಬರೀ ನೀಲಿ ಆಕಾಶ. ಕ್ಯಾಪ್ಟನ್ ಬಲಕ್ಕೆ ತಿರುಗಿಸಿದರು. ಚುಕ್ಕಿಯೂ ತಿರುಗಿತು. ಅವರು ರೇಡಿಯೋದಲ್ಲಿ ಕಂಟ್ರೋಲ್ ಟವರನ್ನು ಕೇಳಿದರು. ಆ ಕಡೆ ನಮ್ಮದು ಬಿಟ್ಟು ಬೇರೆ ವಿಮಾನವಿಲ್ಲ ಎಂದು ಉತ್ತರ ಬಂತು. ಸ್ವಲ್ಪ ಹೊತ್ತು ಜೊತೆಗಿದ್ದು ಚುಕ್ಕಿ ಮಾಯವಾಯಿತು.

ಇಳಿದ ಮೇಲೆ ಕ್ಯಾಪ್ಟನ್ ಮುಖ ಗಂಟಿಕ್ಕಿಕೊಂಡು, "ಇಲ್ಲದ್ದನ್ನ ತೋರ್ಸಿದ್ರೆ ಕಲಿಯೋರು ಗಾಬ್ರಿ ಆಗ್ತಾರೆ. ಸರಿಹೋಗ್ಲಿಲ್ಲ ಅಂದ್ರೆ ಬಿಚ್ಚಿ ಹಾಕ್ಬಿಡಮ್ಮ" ಎಂದರು. ಕೆಲವೊಮ್ಮೆ ಯಂತ್ರ ತನ್ನ ವಿಮಾನದ ಸಿಗ್ನಲನ್ನೇ ಬೇರೆಯದೆಂದು ತಿಳಿಯುವುದುಂಟು. ಇದೂ ಅದೇ ಇರಬೇಕು ಎಂದುಕೊಂಡೆ. ಆಂಟೆನಾ, ವೈರು, ಕನೆಕ್ಟರು ಎಲ್ಲ ಬಿಚ್ಚಿ ನೋಡಿದೆ. ದೋಷವೇ ಸಿಗಲಿಲ್ಲ.

ಬೇಜಾರಿನಲ್ಲಿ ಸಂಜೆ ಹೊಸಕೋಟೆ ಪಕ್ಕದ ಸಮೇತನಹಳ್ಳಿಗೆ, ಅಮ್ಮನ ಮನೆಗೆ ಹೋದೆ. ಅಮ್ಮ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈಹಾಕಿದೆ. ಅವಳೇ ಮಾತು ತೆಗೆದಳು.

"ಬೆಳಿಗ್ಗೆ ನಮ್ಮ ಹೊಲದ ಮೇಲೆ ಎರಡು ಇಮಾನ ಹೋದ್ವು ಕಣೇ. ಜೊತೆಜೊತೆಗೆ."

"ಎರಡಾ? ಸರಿಯಾಗಿ ನೋಡಿದ್ಯಾ?"

"ಕಣ್ಣು ಚೆನ್ನಾಗೇ ಐತೆ ನಂಗೆ. ಒಂದು ಮುಂದೆ, ಇನ್ನೊಂದು ಪಕ್ಕದಲ್ಲಿ ಒಸಿ ಹಿಂದೆ. ಮುಂದಿನ್ದು ತಿರುಗ್ತು, ಅದೂ ಹಂಗೇ ತಿರುಗ್ತು. ಹಸು ಹಿಂದೆ ಕರ ಹೋದಂಗೆ."

ಬಣ್ಣ ಯಾವುದು ಎಂದು ಕೇಳಿದೆ. ಅಷ್ಟು ಮೇಲೆ ಬಣ್ಣ ಎಲ್ಲಿ ಕಾಣುತ್ತೆ ಎಂದಳು.

ಇನ್ನು ತಡೆಯಲಾಗಲಿಲ್ಲ. "ಅಮ್ಮ, ಮುಂದಿನದ್ರಲ್ಲಿ ನಾನಿದ್ದೆ" ಎಂದೆ.

ಅವಳ ಕೈ ನಿಂತಿತು. ಬೈಗುಳಕ್ಕೆ ಕಾದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಾ, ನನ್ನ ಹಣೆಗೆ ಬಿದ್ದ ಕೂದಲನ್ನು ಅವರೆಯ ಸೊಗಡು ಮೆತ್ತಿದ ಬೆರಳಿನಿಂದ ಹಿಂದಕ್ಕೆ ಸರಿಸಿದಳು.

"ಒಬ್ಳೇ ಇರ್ಲಿಲ್ವಲ್ಲ ಬಿಡು" ಎಂದಳು.

ಮರುದಿನ ಮತ್ತೆ ಹಾರಿಸಿ ನೋಡಿದಾಗ ಯಂತ್ರ ಒಂದಿಷ್ಟೂ ತಪ್ಪಲಿಲ್ಲ. ಅದು ಇವತ್ತಿಗೂ ಅದೇ ವಿಮಾನದಲ್ಲಿದೆ. ದೋಷ ಯಂತ್ರದ್ದೇ ಆಗಿದ್ದರೆ ಅಮ್ಮನಿಗೆ ಕಂಡಿದ್ದೇನು? ಕ್ಯಾಪ್ಟನ್ನರನ್ನೂ ಕೇಳಿದೆ. ಅವರು, ಕಾಫಿ ಕುಡಿಯೋಣ ಬಾಮ್ಮ ಎಂದರು.

ಆಮೇಲೆ ಎಷ್ಟೋ ಸಲ ಮೇಲೆ ಹೋಗಿದ್ದೇನೆ, ಅಮ್ಮನಿಗೆ ಹೇಳಿಯೇ. ಅವಳು ಒಮ್ಮೆಯೂ ಬೇಡ ಎಂದಿಲ್ಲ. ಪರದೆ ಖಾಲಿ ಇರಲಿ ಎಂದು ಬಯಸಬೇಕಾದ ಕೆಲಸ ನನ್ನದು. ಆದರೂ ಹೊಸಕೋಟೆ ದಾಟುವಾಗ ಅದರ ಎಡಭಾಗವನ್ನೇ ನೋಡುತ್ತಾ ಕೂರುತ್ತೇನೆ.