ನುಂಗುವ ಗುಳಿಗೆ, ಹಚ್ಚುವ ಜೆಲ್

ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಯಾರು ಏನೇ ಸಂಕಟ ಹೊತ್ತು ಬಂದರೂ ಕೈ ಹಿಡಿದುಕೊಂಡು, "ಬಾಯಿ ಬಿಟ್ಟು ಹೇಳ್ರಿ, ನಾಚಬ್ಯಾಡ್ರಿ" ಅನ್ನುತ್ತಿದ್ದರು.

ಮುಟ್ಟು ನಿಂತ ಮೇಲೆ ನನಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆಂಕಿ ಹೊತ್ತಿದಂತಾಗುತ್ತಿತ್ತು. ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗಲೇ ಕುಪ್ಪಸ ತೊಯ್ದುಹೋಗುತ್ತಿತ್ತು. ಬೀದರಿನ ಡಾಕ್ಟರು ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು. ಆ ಚೀಟಿ ನೋಡಿ ನರ್ಸಮ್ಮ ಕೇಳಿದರು: "ಬಾಣಂತನದಾಗ ಕಾಲಾಗ ರಕ್ತ ಹೆಪ್ಪುಗಟ್ಟಿತ್ತು ಅಂದಿದ್ರಲ್ಲ, ಡಾಕ್ಟರಿಗೆ ಹೇಳೀರೇನ್ರಿ?"

"ಇಪ್ಪತ್ತು ವರ್ಷದ ಹಿಂದಿನ ಮಾತು, ಈಗ ಯಾಕ ಅಂತ ಬಿಟ್ಟೇನ್ರಿ."

ಮರುದಿನವೇ ಅವರು ನನ್ನೊಂದಿಗೆ ಬೀದರ್ ಬಸ್ ಹತ್ತಿದರು. ಡಾಕ್ಟರು ಎಲ್ಲ ಕೇಳಿ, ನುಂಗುವ ಗುಳಿಗೆಯಿಂದ ಮತ್ತೆ ಹೆಪ್ಪುಗಟ್ಟುವ ಭಯ ಹೆಚ್ಚು ಎಂದರು. ಅದೇ ಹಾರ್ಮೋನು ಚರ್ಮದ ಮೂಲಕ ಹೋದರೆ ಆ ಭಯ ಕಡಿಮೆಯೆಂದು ಹಚ್ಚುವ ಜೆಲ್ ಬರೆದು, ಗರ್ಭಕೋಶದ ರಕ್ಷಣೆಗೆ ಹೆಪ್ಪುಗಟ್ಟುವ ಭಯ ಹೆಚ್ಚಿಸದ ಬೇರೊಂದು ಗುಳಿಗೆ ಸೇರಿಸಿದರು. ಕೆಲವು ವಾರಗಳಲ್ಲಿ ಉರಿ ತಗ್ಗಿತು.

"ನೀವು ಯಾವುದು ತಗೊಂಡಿದ್ರಿ?" ಎಂದು ಒಮ್ಮೆ ಅವರ ಮನೆಯಲ್ಲಿ ಕೂತು ಕೇಳಿದೆ.

"ನನಗ ಎರಡೂ ನಡೀಲಿಲ್ರಿ. ಎದಿ ಕ್ಯಾನ್ಸರ್ ಆಗಿತ್ತು, ಹಾರ್ಮೋನ್ ಮುಟ್ಟಬಾರದು ಅಂದ್ರು. ಒಂದು ಕಡಿ ಎದಿ ತೆಗದಾರ."

ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಎದ್ದು ಹೋಗಿ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು.